ಬಲೆಗುಂಡು

ಬಲೆಗುಂಡು: ಮೀನಿನ ಬಲೆ ಅಥವಾ ಗಾಳದ ದಾರ ನೀರಿನ ಮೇಲೆ ತೇಲದೆ ಕೆಳಗಿಳಿಯಲೆಂದು ಕಟ್ಟುವ ಭಾರ. ಕಲ್ಲು, ಸುಟ್ಟಮಣ್ಣು, ಸೀಸ, ಕಬ್ಬಿಣ, ಕೈಗೆ ಯಾವುದು ಸಿಕ್ಕಿತೋ ಅದು. ಬಲೆಯ ಮೇಲಂಚಿಗೆ ಬೆಂಡು, ಕೆಳಂಚಿಗೆ ಗುಂಡು. ಒಂದು ಮೇಲೆಳೆದು ಇನ್ನೊಂದು ಕೆಳಗೆಳೆದರೇ ಬಲೆ ನೀರಿನಲ್ಲಿ ನೆಟ್ಟಗೆ ನಿಲ್ಲುವುದು. ಬಲೆಯ ನೂಲು ಕೆಲವೇ ವರ್ಷಗಳಲ್ಲಿ ಕೊಳೆಯುತ್ತದೆ, ಬೆಂಡು ತೇಲಿಹೋಗುತ್ತದೆ, ಬಿದಿರಿನ ಕೋಲು ಒಲೆ ಸೇರುತ್ತದೆ. ಮಣ್ಣಿನಲ್ಲಿ ಉಳಿಯುವುದು ಗುಂಡೊಂದೇ. ಹಳಬರು ಹೇಗೆ ಮೀನು ಹಿಡಿಯುತ್ತಿದ್ದರು ಎಂದು ಹುಡುಕುವವರಿಗೆ ಮೀನಿನ ಮುಳ್ಳು, ಗಾಳದ ಕೊಕ್ಕೆ ಬಿಟ್ಟರೆ ಇದೇ ಆಧಾರ. ಆದರೆ ಇಷ್ಟು ಸುಲಭವಾಗಿ ಸಿಗುವ, ಇಷ್ಟು ಸುಲಭವಾಗಿ ತಪ್ಪು ಹೆಸರು ಪಡೆಯುವ ವಸ್ತು ಇನ್ನೊಂದಿರಲಾರದು.

ಬೆಂಗಳೂರಿನ ವಾಯವ್ಯ ಅಂಚಿನ ಚಿಕ್ಕಬಾಣಾವರ ಈ ತೊಡಕನ್ನು ವಿವರಿಸಲು ಒಳ್ಳೆಯ ಜಾಗ. ಊರಿಗೆ ತನ್ನದೇ ಕೆರೆಯಿದೆ. ಹೆಸರಘಟ್ಟ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಹೆಸರಘಟ್ಟದ ದೊಡ್ಡ ಕೆರೆ ಸಿಗುತ್ತದೆ. ಬೆಂಗಳೂರಿಗೆ ಕೊಳಾಯಿ ನೀರು ಕೊಡಲೆಂದು 1890ರ ದಶಕದಲ್ಲಿ ಅರ್ಕಾವತಿಗೆ ಕಟ್ಟೆ ಹಾಕಿ ನೀರು ನಿಲ್ಲಿಸಿದ್ದು ಅಲ್ಲಿಯೇ. ನಂದಿಬೆಟ್ಟದಲ್ಲಿ ಹುಟ್ಟಿದ ಈ ಹೊಳೆ ಹೆಸರಘಟ್ಟ ದಾಟಿ ಚಿಕ್ಕಬಾಣಾವರವನ್ನು ಪೂರ್ವಕ್ಕೆ ಬಿಟ್ಟು, 1933ರಲ್ಲಿ ಮುಗಿದ ತಿಪ್ಪಗೊಂಡನಹಳ್ಳಿ ಜಲಾಶಯ ಸೇರಿ, ಅಲ್ಲಿಂದ ರಾಮನಗರ, ಕನಕಪುರದ ಮೇಲೆ ಇಳಿದು ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಚಿಕ್ಕಬಾಣಾವರದ ದಕ್ಷಿಣಕ್ಕೆ ಪೀಣ್ಯದ ಕಾರ್ಖಾನೆಗಳು, ಊರ ಪಕ್ಕದಲ್ಲೇ ತುಮಕೂರಿನ ಕಡೆ ಹೋಗುವ ರೈಲು ದಾರಿ. ಕೆರೆ, ಹೊಳೆ, ಲೇತು, ರೈಲು ನಾಲ್ಕೂ ಒಂದೇ ಕಡೆ ಸೇರಿರುವ ಇಂಥ ಊರಿನ ಕೆರೆಯಂಚಿನಲ್ಲಿ ನಡುವೆ ತೂತಿರುವ ಒಂದು ಭಾರದ ಉಂಡೆ ಸಿಕ್ಕಿತೆನ್ನಿ. ಅದು ಬೆಸ್ತರ ಬಲೆಯದೋ, ಪೀಣ್ಯದ ಯಾವುದೋ ಯಂತ್ರದಿಂದ ಕಳಚಿದ್ದೋ?

ಮೀನಿಗೂ ಈ ಸೀಮೆಗೂ ಇರುವ ನಂಟು ಈಚಿನದಲ್ಲ. ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಬೀದರಿನ ಪಶು ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನಾ ಕೇಂದ್ರವೂ ಅಲ್ಲೇ. ಕಾಟ್ಲಾ, ರೋಹು, ಮೃಗಾಲದ ಮರಿಗಳನ್ನು ಕೆರೆಗೆ ಬಿಟ್ಟು, ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುವುದು ಈಗಿನ ಪದ್ಧತಿ. ಅದಕ್ಕೂ ಮುಂಚೆ ಕೆರೆಯ ಮೀನೆಂದರೆ ಕೊರವ, ಬಾಳೆಮೀನು, ಕುಚ್ಚು, ಹಾವುಮೀನು. ಹಿಡಿಯುವವರು ಗಂಗಾಮತಸ್ಥರು, ಬೆಸ್ತರು. ಬೇಸಿಗೆಯಲ್ಲಿ ನೀರು ಮೊಣಕಾಲಿಗಿಳಿದಾಗ ಮಾತ್ರ ಊರಿಗೆ ಊರೇ.

ಗುಂಡಿನ ರೂಪ ತಿಳಿಯಬೇಕಾದರೆ ಮೊದಲು ಬಲೆಯನ್ನು ತಿಳಿಯಬೇಕು. ಬೀಸುಬಲೆಯ ಗುಂಡು ಸಣ್ಣದು, ಸಂಖ್ಯೆ ಬಹಳ. ದುಂಡಗೆ ಹರಡಿಕೊಂಡು ಬೀಳುವ ಈ ಬಲೆಯ ಸುತ್ತಂಚಿಗೆಲ್ಲ ಬೆರಳಗಲಕ್ಕೊಂದರಂತೆ ಸೀಸದ ಗುಂಡು ಕೋದಿರುತ್ತಾರೆ. ಮೀನಿಗೆ ಓಡಲು ಹೊತ್ತು ಸಿಗದಂತೆ ಬಲೆ ತಳ ಮುಟ್ಟಬೇಕು. ಒಂದೆಡೆ ಗುಂಡು ಕಳಚಿದ್ದರೂ ಆ ಅಂಚು ಎದ್ದು ಮೀನು ನುಸುಳುತ್ತದೆ. ಹೀಗಾಗಿ ಬೀಸುಬಲೆಯವರು ಗುಂಡು ಉದುರಿದ್ದನ್ನು ಕೂಡಲೇ ಗಮನಿಸಿ ಹೊಸದು ಹಾಕುತ್ತಾರೆ. ಉದುರಿದ್ದು ಕೆರೆಯ ತಳದಲ್ಲೇ ಉಳಿಯುತ್ತದೆ. ದಂಡೆಯಲ್ಲಿ ಬಿಡಿಬಿಡಿಯಾಗಿ ಸಿಗುವ ಸೀಸದ ಗುಂಡುಗಳಲ್ಲಿ ಹೆಚ್ಚಿನವು ಇವೇ.

ನೀರಿಗೆ ಅಡ್ಡಲಾಗಿ ಕಟ್ಟಿ ನಿಲ್ಲಿಸುವ ಬಲೆಯ ಲೆಕ್ಕ ಬೇರೆ. ಅದಕ್ಕೆ ಗುಂಡಿನ ನಡುವೆ ಅಂತರ ಹೆಚ್ಚು, ಒಂದೊಂದು ಗುಂಡೂ ದಪ್ಪ. ಸೀಸ ದುಬಾರಿಯಾದ ಕಡೆ ಕಲ್ಲು. ಎಳೆಬಲೆಗಂತೂ ತಳವನ್ನು ಸವರಿಕೊಂಡು ಬರಬೇಕಾದ್ದರಿಂದ ಭಾರ ಇನ್ನೂ ಹೆಚ್ಚು ಬೇಕು. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯದಲ್ಲಿ ಬಳಕೆಗೆ ಬಂದ ಅಲಿವಿ ಬಲೆ ಇಂಥ ದೊಡ್ಡ ಎಳೆಬಲೆ. ಕರಾವಳಿಯ ರಂಪಣಿಯೂ ಅದೇ ಬಳಗ, ಇನ್ನೂ ಹಿರಿದು. ಮೊಗವೀರರು ಹತ್ತಾರು ಜನ ಸೇರಿ ದಡಕ್ಕೆ ಎಳೆಯುತ್ತಿದ್ದ ಆ ಬಲೆ 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಬಹುಮಟ್ಟಿಗೆ ಮೂಲೆಗೆ ಸರಿಯಿತು. ಹಾಗೆಂದು ಬಲೆ ಇದ್ದಲ್ಲೆಲ್ಲ ಗುಂಡು ಇರಲೇಬೇಕೆಂದಿಲ್ಲ. ದಕ್ಷಿಣದ ಜಲಾಶಯಗಳಲ್ಲಿ ಬಳಸುವ ರಂಗೂನ್ ಬಲೆಗೆ ಕೆಳಹಗ್ಗವೂ ಇಲ್ಲ, ಗುಂಡೂ ಇಲ್ಲ. ಮೇಲಿನಿಂದ ಸುಮ್ಮನೆ ಇಳಿಬಿದ್ದಿರುತ್ತದೆ. ಕೂಳಿ ಹಾಕಿ, ಕೈಯಿಂದ ತಡವಿ, ನೀರು ಬಗ್ಗಡ ಮಾಡಿ ಮೀನು ಹಿಡಿದ ಊರುಗಳು ಗುಂಡಿನ ಗುರುತನ್ನೇ ಬಿಟ್ಟಿರುವುದಿಲ್ಲ. ಗುಂಡು ಸಿಗದ ಕಡೆ ಮೀನುಗಾರಿಕೆ ಇರಲಿಲ್ಲ ಎನ್ನುವ ತೀರ್ಮಾನ ಇದರಿಂದಲೇ ತಪ್ಪಾಗುವುದು.

ಕಲ್ಲು, ಮಣ್ಣು, ಸೀಸಗಳಲ್ಲಿ ಯಾವುದು ಲೇಸು ಎಂಬುದನ್ನು ನೀರೇ ತೀರ್ಮಾನಿಸುತ್ತದೆ. ನೀರಿಗಿಳಿದ ವಸ್ತು ತಾನು ಸರಿಸಿದ ನೀರಿನಷ್ಟು ತೂಕ ಕಳೆದುಕೊಳ್ಳುತ್ತದೆ. ನೂರು ಗ್ರಾಮಿನ ಸೀಸದ ಗುಂಡು ನೀರಿನಲ್ಲಿ 91 ಗ್ರಾಮಿನ ಕೆಲಸ ಮಾಡುತ್ತದೆ; ಕಬ್ಬಿಣ 87 ಗ್ರಾಮಿನದು. ನಮ್ಮ ಬೆಣಚು ಬಂಡೆಯ ಕಲ್ಲು 63 ಗ್ರಾಮಿಗೆ ಇಳಿಯುತ್ತದೆ. ಸುಟ್ಟಮಣ್ಣಿನ ಗುಂಡಂತೂ ಅರ್ಧದಷ್ಟು ತೂಕವನ್ನು ನೀರಿಗೇ ಒಪ್ಪಿಸಿಬಿಡುತ್ತದೆ. ಒಂದೇ ಕೆಲಸಕ್ಕೆ ಮಣ್ಣಿನ ಗುಂಡು ಸೀಸದ ಗುಂಡಿಗಿಂತ ಎಷ್ಟೋ ಪಟ್ಟು ದಪ್ಪ ಇರಬೇಕಾಗುವುದು ಇದಕ್ಕೇ. ದಪ್ಪವಾದಷ್ಟೂ ನೀರಿನ ಸೆಳೆತಕ್ಕೆ ಸಿಕ್ಕುವುದೂ ಹೆಚ್ಚು. ಸೀಸಕ್ಕೆ ಇನ್ನೊಂದು ಅನುಕೂಲ: 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕುಲುಮೆ ಬೇಡ, ತಿದಿ ಬೇಡ. ಸೌದೆ ಒಲೆಯ ಮೇಲೆ ಕಬ್ಬಿಣದ ಸೌಟಿನಲ್ಲಿ ಕರಗಿಸಿ ಅಚ್ಚಿಗೆ ಸುರಿದರಾಯಿತು. ಅಚ್ಚೂ ಬೇಡವೆನ್ನುವವರು ಸೀಸದ ತಗಡನ್ನು ಪಟ್ಟಿ ಕತ್ತರಿಸಿ, ಬಲೆಯ ಹಗ್ಗಕ್ಕೆ ಸುತ್ತಿ, ಕಲ್ಲಿನಿಂದ ಕುಟ್ಟಿ ಬಿಗಿ ಮಾಡುತ್ತಾರೆ. ಈ ಸುತ್ತುಗುಂಡಿನ ಉಪಾಯಕ್ಕೆ ಮೂರು ಸಾವಿರ ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಟರ್ಕಿಯ ದಕ್ಷಿಣ ತೀರದ ಉಲುಬುರುನ್ ಬಳಿ ಕ್ರಿ.ಪೂ. 14ನೆಯ ಶತಮಾನದ ಕೊನೆಯಲ್ಲಿ ಮುಳುಗಿದ ಹಡಗಿನಲ್ಲೂ ಸೀಸದ ಬಲೆಗುಂಡುಗಳಿದ್ದವು.

ಆಕಾರ ನೋಡಿ ಕಾಲ ಹೇಳಲಾಗದು ಎಂಬುದಕ್ಕೆ ಇಷ್ಟೇ ಸಾಕು. ಆ ಹಡಗಿನವರೂ ಸೀಸದ ತಗಡನ್ನೇ ಮಡಿಸಿ ಹಗ್ಗಕ್ಕೆ ಬಿಗಿಯುತ್ತಿದ್ದರು. ಇಂದು ಸೀಸ ಸುತ್ತುವವರೂ ಅದನ್ನೇ ಮಾಡುತ್ತಾರೆ. ಗುಂಡಿನ ಕೆಲಸ ಬದಲಾಗಿಲ್ಲ, ಹಾಗಾಗಿ ರೂಪವೂ ಬದಲಾಗಿಲ್ಲ. ಹೊಳೆದಂಡೆಯಲ್ಲಿ ಸಿಕ್ಕ ಬಿಳಿಚಿದ ಸೀಸದ ಉರುಳೆಯನ್ನು ಪ್ರಾಚೀನವೆಂದು ಸಾರುವ ಉತ್ಸಾಹಿಗಳು ಇಲ್ಲಿ ಸ್ವಲ್ಪ ತಡೆಯಬೇಕು. ಸೀಸದ ಮೇಲೆ ಬೂದುಬಿಳಿ ಪದರ ಕಟ್ಟಲು ಶತಮಾನಗಳು ಬೇಕಿಲ್ಲ. ಚರಂಡಿ ನೀರು ಸೇರಿ ಗಬ್ಬುನಾರುವ ಕೆಸರಿನಲ್ಲಿ ಬಿದ್ದರೆ ಅದು ಕಪ್ಪಾಗುತ್ತದೆ, ಅಲ್ಲಿನ ಗಂಧಕ ಸೀಸಕ್ಕೆ ಕೂಡುವುದರಿಂದ. ಬೆಂಗಳೂರಿನ ಸುತ್ತಲಿನ ಎಷ್ಟೋ ಕೆರೆಗಳ ಕೆಸರು ಈಗ ಇಂಥದ್ದೇ. ಬಣ್ಣ ಹೇಳುವುದು ವಸ್ತು ಎಂಥ ಮಣ್ಣಿನಲ್ಲಿತ್ತು ಎಂಬುದನ್ನು. ಎಷ್ಟು ಕಾಲ ಇತ್ತು ಎಂಬುದನ್ನಲ್ಲ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಮೊದಲ ಸಾಕ್ಷಿ ಸವೆತ. ಬಲೆಗುಂಡಿನ ತೂತಿನಲ್ಲಿ ಹಗ್ಗ ಯಾವಾಗಲೂ ಒಂದೇ ಕಡೆಗೆ ಜಗ್ಗುತ್ತಿರುತ್ತದೆ. ಹಲವು ವರ್ಷ ಬಳಸಿದ ಗುಂಡಿನಲ್ಲಿ ತೂತಿನ ಒಂದು ಅಂಚು ನುಣುಪಾಗಿ ಒಳಸರಿದಿರುತ್ತದೆ, ಎದುರಂಚು ಕೊರೆದಾಗಿನ ಹಾಗೇ ಒರಟು. ತೂತಿಲ್ಲದೆ ಸುತ್ತ ಗೆರೆ ಕೊರೆದ ಕಲ್ಲಾದರೆ ಆ ಗೆರೆಯ ತಳ ಮಿರುಗುತ್ತದೆ, ಮಿಕ್ಕ ಮೈ ಸಾದಾ. ತೂತನ್ನು ಹೇಗೆ ಕೊರೆದರೆಂಬುದೂ ನೋಡುವಂಥದು. ಎರಡೂ ಕಡೆಯಿಂದ ಕಲ್ಲಿನ ಮೊನೆಯಲ್ಲಿ ಕೊರೆದರೆ ತೂತು ಹೊರಗೆ ಅಗಲ, ನಡುವೆ ಕಿರಿದು. ಲೋಹದ ಬೈರಿಗೆ ಹಾಕಿದ್ದಾದರೆ ಉದ್ದಕ್ಕೂ ಒಂದೇ ಅಗಲ. ಸುತ್ತಿದ ಸೀಸದ ಗುಂಡಿನ ಒಳಮೈಯಲ್ಲಿ ಹಗ್ಗದ ಹುರಿಯ ಅಚ್ಚು ಬಿದ್ದಿರುತ್ತದೆ. ಎಡಹುರಿಯೋ ಬಲಹುರಿಯೋ ಎಂಬುದನ್ನೂ ಅದರಲ್ಲಿ ಓದಬಹುದು. ನಾರಿನ ಎಳೆಯೇ ಒಳಗೆ ಉಳಿದಿದ್ದರೆ ಅದೃಷ್ಟ. ಸೀಸಕ್ಕೆ ಇಂಗಾಲದ ಕಾಲಗಣನೆ ಮಾಡಲಾಗದು, ನಾರಿಗೆ ಮಾಡಬಹುದು. ಸುಟ್ಟಮಣ್ಣಿನ ಗುಂಡಿಗಾದರೆ, ಅದು ಕೊನೆಯ ಬಾರಿ ಬೆಂಕಿ ಕಂಡದ್ದು ಯಾವಾಗ ಎಂದು ಹೇಳುವ ಪ್ರಯೋಗಾಲಯ ವಿಧಾನಗಳಿವೆ. ಗುಂಡನ್ನು ಹುಣಸೆಹುಳಿ ಹಾಕಿ ಉಜ್ಜಿ ಬೆಳಗಿಸಿದವರು ಈ ಸಾಕ್ಷ್ಯವನ್ನೆಲ್ಲ ಬಚ್ಚಲಿಗೆ ಸುರಿದ ಹಾಗೆ.

ಯಾವ ವಸ್ತುವಿನಿಂದ ಮಾಡಿದ್ದೆಂದು ತಿಳಿಯಲು ಅಡುಗೆಮನೆಯ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಗುಂಡನ್ನು ತೂಗಿ ಬರೆದಿಟ್ಟುಕೊಳ್ಳಬೇಕು. ಆಮೇಲೆ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ಗುಂಡನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದ ಹಾಗೆ ನೀರಿನಲ್ಲಿ ಮುಳುಗಿಸಿ ಹಿಡಿಯಬೇಕು. ತಕ್ಕಡಿ ತೋರಿಸುವ ಗ್ರಾಮು ಗುಂಡು ಸರಿಸಿದ ನೀರಿನದು. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಬಂತು. 57 ಗ್ರಾಮಿನ ಗುಂಡು 5 ಗ್ರಾಂ ತೋರಿಸಿದರೆ ಉತ್ತರ 11.4, ಅಂದರೆ ಸೀಸ. 21 ತೋರಿಸಿದರೆ 2.7, ಕಲ್ಲು. 30 ತೋರಿಸಿದರೆ 1.9, ಸುಟ್ಟಮಣ್ಣು. ಮಣ್ಣು ನೀರು ಹೀರುವುದರಿಂದ ಬೇಗ ಓದಿಕೊಳ್ಳಬೇಕು. ಏಳು ಏಳೂವರೆಯ ಹತ್ತಿರ ಬಂದರೆ ಸತುವೋ ಎರಕದ ಕಬ್ಬಿಣವೋ ಇರಬಹುದು. ಆಗ ಅಯಸ್ಕಾಂತ ಹಿಡಿದು ನೋಡಿದರಾಯಿತು.

ಚಿಕ್ಕಬಾಣಾವರದಂಥ ಊರಿನಲ್ಲಿ ಸೀಸ ಎಂದು ಖಾತ್ರಿಯಾದ ಮೇಲೂ ಅವಸರಪಡುವಂತಿಲ್ಲ. ವಾಹನದ ಚಕ್ರ ತೂಗಿಸಲು ರಿಮ್ಮಿಗೆ ಬಡಿಯುವ ಸೀಸದ ತುಂಡುಗಳು ರಸ್ತೆಯಿಂದ ಮಳೆನೀರಿನ ಜೊತೆ ಕೆರೆ ಸೇರುತ್ತವೆ. ಬಾಗಿದ ಬೆನ್ನು, ಉಕ್ಕಿನ ಕ್ಲಿಪ್ಪು ಅಥವಾ ಕ್ಲಿಪ್ಪು ಕಳಚಿದ ಕಚ್ಚು ಅವುಗಳ ಗುರುತು. ರೈಲಿನ ಗೂಡ್ಸ್ ವ್ಯಾಗನ್ನಿಗೂ ವಿದ್ಯುತ್ ಮೀಟರಿಗೂ ಹಾಕುವ ಸೀಸದ ಸೀಲು ಬಟಾಣಿಯಿಂದ ನೆಲ್ಲಿಕಾಯಿಯವರೆಗಿನ ಗಾತ್ರದ್ದು. ತಂತಿ ಹಾಯಲು ಜೋಡಿ ತೂತು, ಇಕ್ಕಳದಲ್ಲಿ ಒತ್ತಿದ ಅಕ್ಷರ. ತುಮಕೂರಿನ ಮೀಟರ್‌ಗೇಜ್ ದಾರಿ 1884ರಲ್ಲೇ ತೆರೆದದ್ದರಿಂದ, ಹಳಿಯ ಆಚೀಚೆ ಇಂಥ ಸೀಲುಗಳು ನೂರು ವರ್ಷ ಮೀರಿದವೂ ಇರಬಹುದು. ಅವು ಹಳೆಯವೇ, ಆದರೆ ಬಲೆಯವಲ್ಲ. ಪೀಣ್ಯದ ಕಡೆಯಿಂದ ಬರುವ ಬುಷ್, ವಾಷರ್, ನಟ್ಟುಗಳು ತುಕ್ಕು ಹಿಡಿದು ಉಂಡೆಗಟ್ಟಿದರೆ ಕಬ್ಬಿಣದ ಬಲೆಗುಂಡಿಗೂ ಅವಕ್ಕೂ ಮೇಲ್ನೋಟಕ್ಕೆ ವ್ಯತ್ಯಾಸವೇ ಕಾಣದು. ತಿರುಪಿನ ಗೆರೆ, ಆರುಮೂಲೆ, ಲೇತಿನ ಸುತ್ತುಗೆರೆ ಹುಡುಕಬೇಕು. ಗಣಪತಿ ಬಿಡುವ ಕೆರೆಯಾದರೆ ಹಣತೆಯ ಚೂರು, ಮಣ್ಣಿನ ಮಣಿ, ಕಳಶದ ಬಿಲ್ಲೆ ಎಲ್ಲವೂ ಒಂದೇ ಕೆಸರಿನಲ್ಲಿ ಬೆರೆತಿರುತ್ತವೆ.

ದುಂಡನೆಯ ಸೀಸದ ಗುಂಡು ಸಿಕ್ಕರೆ ಕೋವಿಯ ಗುಂಡೋ ಎಂಬ ಅನುಮಾನ ಸಹಜ. ಹದಿನೆಂಟನೆಯ ಶತಮಾನದ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳ ಕೋವಿಗುಂಡು ಸುಮಾರು 17 ಮಿಲಿಮೀಟರ್ ಅಡ್ಡಳತೆ, 30 ಗ್ರಾಂ ಆಸುಪಾಸಿನದು. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರು ಕೋಟೆ ಹಿಡಿದ ಮೇಲೆ ಈ ಸೀಮೆಯಲ್ಲೆಲ್ಲ ದಂಡು ಓಡಾಡಿದೆ. ಕೋವಿಗುಂಡಿಗೆ ತೂತಿರುವುದಿಲ್ಲ. ಅಚ್ಚಿನ ಎರಡು ಭಾಗ ಕೂಡಿದ ಗೆರೆಯೂ ಎರಕದ ಬಾಯಿ ಕತ್ತರಿಸಿದ ಚಪ್ಪಟೆ ಗುರುತೂ ಇರುತ್ತವೆ. ಹಾರಿದ್ದಾದರೆ ಒಂದು ಮೈ ಜಜ್ಜಿರುತ್ತದೆ. ಇಂಥ ಗುಂಡಿಗೇ ತೂತು ಕೊರೆದು ಬಲೆಗೆ ಕಟ್ಟಿಕೊಂಡಿರುವ ಸಾಧ್ಯತೆಯನ್ನೂ ತಳ್ಳಿಹಾಕಲಾಗದು, ಬೆಸ್ತರ ಮನೆಯಲ್ಲಿ ಸೀಸವನ್ನು ಯಾರೂ ಎಸೆಯುವುದಿಲ್ಲ. ಚಪ್ಪಟೆ ಬಿಲ್ಲೆಯಾದರೆ ಇನ್ನೊಂದು ಅನುಮಾನ. ಕರ್ನಾಟಕದಲ್ಲಿ ಸೀಸ ಎರಡು ಸಾವಿರ ವರ್ಷದಷ್ಟು ಹಿಂದೆ ನಾಣ್ಯವಾಗಿಯೇ ಓಡಾಡಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ಮಹಾರಠಿಗಳ ನಾಣ್ಯಗಳು ಸೀಸದವು. ಕಾರವಾರದ ಕಡೆ ಸಿಕ್ಕ ಚುಟು ಅರಸರ ನಾಣ್ಯಗಳೂ ಸೀಸದವೇ. ಕಾಳಿ, ವರದಾ ನದಿಗಳ ದಂಡೆಯಲ್ಲಿ ಸೀಸದ ಬಿಲ್ಲೆ ಸಿಕ್ಕರೆ ಬಲೆಗುಂಡೆಂದು ಕರಗಿಸುವ ಮುಂಚೆ ಎರಡೂ ಮೈ ತಿರುಗಿಸಿ ನೋಡುವುದು ಒಳ್ಳೆಯದು.

ಕಲ್ಲು ಮತ್ತು ಮಣ್ಣಿನ ಗುಂಡುಗಳ ಕಥೆ ಇನ್ನೂ ಗೋಜಲು. ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಲ್ಲಿ ನಡುವೆ ತೂತಿರುವ ಉಂಗುರಕಲ್ಲುಗಳು ಸಿಗುತ್ತವೆ. ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಅಲೆದಾಡಿದ ಕಾಲದಿಂದಲೂ ಇವು ಏನೆಂಬ ಚರ್ಚೆ ನಡೆದೇ ಇದೆ. ಗೆಡ್ಡೆ ಅಗೆಯುವ ಕೋಲಿನ ಭಾರ ಎಂದು ಕೆಲವರು, ಗದೆಯ ತಲೆ ಎಂದು ಕೆಲವರು, ಬಲೆಗುಂಡು ಎಂದು ಇನ್ನು ಕೆಲವರು. ಕಾವೇರಿ ಕಪಿಲೆ ಕೂಡುವಲ್ಲಿರುವ ಟಿ. ನರಸೀಪುರ, ತುಂಗಭದ್ರೆಯ ದಂಡೆಯ ಹಳ್ಳೂರು ಇವೆಲ್ಲ ಹೊಳೆಗಂಟಿದ ನೆಲೆಗಳು. ಮೊದಲನೆಯದನ್ನು ಎಂ. ಶೇಷಾದ್ರಿ, ಎರಡನೆಯದನ್ನು 1965ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದರು. ಅಂಥ ಕಡೆ ಸಿಕ್ಕ ತೂತುಗಲ್ಲಿಗೆ ಬಲೆಯ ಹೆಸರು ಬೇಗ ಬಾಯಿಗೆ ಬರುತ್ತದೆ. ಹಾಗೆಂದು ಬೆಟ್ಟದ ಮೇಲಿನ ನೆಲೆಯಲ್ಲೂ ಅದೇ ಕಲ್ಲು ಸಿಕ್ಕರೆ ಅಲ್ಲಿ ಯಾವ ಮೀನು? ಕೋಲಿಗೆ ಸಿಕ್ಕಿಸಿದ ಕಲ್ಲಿನ ತೂತು ಅಗಲ, ಸುತ್ತಲೂ ಒಂದೇ ಸಮ ಸವೆದಿರುತ್ತದೆ. ಹಗ್ಗ ಕಟ್ಟಿದ್ದು ಒಂದೇ ಬದಿ ಸವೆಯುತ್ತದೆ. ವಾದಕ್ಕಿಂತ ತೂತನ್ನು ನೋಡುವುದು ಲಾಭ.

ಸುಟ್ಟಮಣ್ಣಿನ ಸಣ್ಣ ಗುಂಡಿಗೆ ದೊಡ್ಡ ಪ್ರತಿಸ್ಪರ್ಧಿ ಕದಿರಿನ ಬಿಲ್ಲೆ. ನೂಲುವ ಕದಿರು ಗಿರ್ರನೆ ತಿರುಗಬೇಕಾದ್ದರಿಂದ ಬಿಲ್ಲೆಯ ತೂತು ನಡುಮಧ್ಯದಲ್ಲೇ ಇರಬೇಕು, ಎಲ್ಲ ಬದಿಯೂ ಸಮತೂಕವಿರಬೇಕು. ಬಲೆಗುಂಡಿಗೆ ಈ ನಿಯಮವಿಲ್ಲ, ತೂತು ಎಲ್ಲಿದ್ದರೂ ನಡೆದೀತು. ಇನ್ನೊಂದು ಗೊಂದಲ ಪರದೇಶದ ಕೈಪಿಡಿಗಳಿಂದ ಬಂದದ್ದು. ಯುರೋಪಿನ ಪುಸ್ತಕಗಳಲ್ಲಿ ತೂತಿನ ಮಣ್ಣುಂಡೆಗಳನ್ನು ಮಗ್ಗದ ಭಾರ ಎಂದು ಕರೆದಿರುತ್ತಾರೆ; ಅಲ್ಲಿ ಹಾಸಿನ ದಾರಕ್ಕೆ ಗುಂಡು ತೂಗುಹಾಕಿ ನೇಯುವ ನಿಲುಮಗ್ಗವಿತ್ತು. ನಮ್ಮ ನೇಕಾರರದು ಗುಂಡಿಮಗ್ಗ, ಹಾಸನ್ನು ಅಡ್ಡಕ್ಕೆ ಬಿಗಿಯುವಂಥದು. ಆ ಹೆಸರನ್ನು ಇಲ್ಲಿಗೆ ಹೊತ್ತು ತರುವುದು ಸರಿಯಲ್ಲ.

ಮಡಕೆಚೂರನ್ನು ದುಂಡಗೆ ಉಜ್ಜಿ ಮಾಡಿದ ಬಿಲ್ಲೆಗಳು ನಮ್ಮ ಉತ್ಖನನಗಳಲ್ಲಿ ರಾಶಿರಾಶಿ ಸಿಗುತ್ತವೆ. ವರದಿಗಳಲ್ಲಿ ಅವನ್ನು ಆಟದ ಬಿಲ್ಲೆಗಳೆಂದು ಸೇರಿಸುವುದು ರೂಢಿ. ಕುಂಟೆಬಿಲ್ಲೆ ಆಡಿದ ಯಾರಿಗೂ ಆ ಹೆಸರು ವಿಚಿತ್ರವೆನಿಸದು. ಆದರೆ ಜಪಾನಿನ ಜೋಮೋನ್ ಕಾಲದ ಜನ ಮಡಕೆಚೂರಿನ ಎರಡು ಅಂಚಿಗೆ ಕಚ್ಚು ಹಾಕಿ, ಹಗ್ಗ ಬಿಗಿದು ಬಲೆಗೆ ಕಟ್ಟುತ್ತಿದ್ದರು. ಒಡೆದ ಮಡಕೆಗೆ ಕಾಸಿಲ್ಲ, ಕೊರೆಯುವ ಶ್ರಮವಿಲ್ಲ. ನಮ್ಮ ಬಿಲ್ಲೆಗಳಲ್ಲೂ ಎದುರುಬದುರು ಕಚ್ಚು ಇರುವವನ್ನು ಬೇರೆ ತೆಗೆದಿಟ್ಟು ನೋಡಿದರೆ ಕುಂಟೆಬಿಲ್ಲೆಯ ಲೆಕ್ಕದಲ್ಲಿ ಸೇರಿಹೋದ ಒಂದಿಷ್ಟು ಬಲೆಗುಂಡು ಹೊರಬರಬಹುದು.

ಒಂಟಿ ಗುಂಡು ಯಾವತ್ತೂ ಅರೆಸಾಕ್ಷಿ. ಗುಂಪಾಗಿ, ಸಾಲಾಗಿ ಸಿಕ್ಕಾಗಲೇ ಅದು ಬಲೆಯ ಮಾತಾಡುವುದು. ಅತ್ಯಂತ ಪ್ರಸಿದ್ಧ ನಿದರ್ಶನ ಆಂಟ್ರಿಯಾದ್ದು. 1913ರಲ್ಲಿ ಆಗ ಫಿನ್‌ಲ್ಯಾಂಡಿಗೆ ಸೇರಿದ್ದ, ಈಗ ರಷ್ಯಾದಲ್ಲಿರುವ ಆ ಊರಿನ ಜೌಗು ಹುಲ್ಲುಗಾವಲಿನಲ್ಲಿ ಒಂದು ಹಳೆಯ ಬಲೆ ಕಾಣಿಸಿತು. ವಿಲೋ ಮರದ ನಾರಿನಿಂದ ಹೆಣೆದ ಬಲೆ ಚೂರುಚೂರಾಗಿತ್ತು. ಆದರೆ ಪೈನ್ ತೊಗಟೆಯ 18 ಬೆಂಡು, ಕಲ್ಲಿನ 31 ಗುಂಡು ಉಳಿದಿದ್ದವು. ಅವು ಬಿದ್ದಿದ್ದ ಕ್ರಮದಿಂದಲೇ ಬಲೆ ಸುಮಾರು 30 ಮೀಟರ್ ಉದ್ದವಿತ್ತೆಂದು ಗೊತ್ತಾದದ್ದು. ವಯಸ್ಸು ಹತ್ತು ಸಾವಿರ ವರ್ಷಕ್ಕೂ ಮಿಗಿಲು. ಅದಕ್ಕೂ ಹಿಂದಕ್ಕೆ ಹೋಗಬಹುದು: ದಕ್ಷಿಣ ಕೊರಿಯಾದ ಮೇದುನ್ ಗುಹೆಯಲ್ಲಿ 2018ರಲ್ಲಿ ಸಿಕ್ಕ, ಗೆರೆ ಕೊರೆದ 14 ಸುಣ್ಣಗಲ್ಲುಗಳನ್ನು ಸುಮಾರು 29,000 ವರ್ಷ ಹಿಂದಿನ ಬಲೆಗುಂಡುಗಳೆಂದು ಅಗೆದವರು ಗುರುತಿಸಿದ್ದಾರೆ. ಎರಡೂ ಕಡೆ ಒಂದೇ ಒಂದು ಕಲ್ಲು ಸಿಕ್ಕಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಹರಪ್ಪದ ಒಂದು ಮಡಕೆಚೂರಿನ ಮೇಲೆ ಹೆಗಲಮೇಲಿನ ಅಡ್ಡೆಗೆ ಬಲೆಗಳನ್ನು ತೂಗುಹಾಕಿಕೊಂಡು ಹೋಗುವ ಮನುಷ್ಯನ ಚಿತ್ರವಿದೆ. ಕನ್ನಡನಾಡಿನಲ್ಲಿ ಚಿತ್ರಕ್ಕಿಂತ ಬರಹ ಮುಂದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಸಂಸ್ಕೃತದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನು, ಅವುಗಳ ನೆಲೆ, ಯಾವುದಕ್ಕೆ ಯಾವ ಮೇವು, ಕೋಲು ದಾರ ಗಾಳ ಹೇಗಿರಬೇಕು ಎಂಬುದನ್ನೆಲ್ಲ ಅರಸ ಬಿಡಿಸಿ ಹೇಳುತ್ತಾನೆ. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ಮೀನುಶಾಸ್ತ್ರಜ್ಞರ ಗಮನಕ್ಕೆ ತಂದರು. ಅದು ಅರಸರ ವಿನೋದದ ಮಾತು. ಹೊಟ್ಟೆಪಾಡಿಗೆ ಬಲೆ ಬೀಸಿದವರ ಬಗ್ಗೆ ಇಂಥ ಗ್ರಂಥ ಯಾರೂ ಬರೆಯಲಿಲ್ಲ. ಅವರ ಬರಹವೆಂದರೆ ಈ ಗುಂಡುಗಳೇ.

ವಿನೋದದ ಗಾಳ ಮತ್ತೆ ಸುದ್ದಿಯಾದದ್ದು ಬ್ರಿಟಿಷರ ಕಾಲದಲ್ಲಿ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ, ಭಾರತದಲ್ಲಿ ಗಾಳ ಹಾಕುವುದನ್ನು ಕುರಿತ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. 1946ರಲ್ಲಿ ಕಬಿನಿ ಹೊಳೆಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಹಿಡಿದ ಬಿಳಿಮೀನು 120 ಪೌಂಡು ತೂಗಿತ್ತು. ಅರ್ಕಾವತಿ ಕಾವೇರಿಗೆ ಕೂಡುವ ಸಂಗಮದಿಂದ ಕೆಳಗಿನ ಗಾಲಿಬೋರೆ, ಭೀಮೇಶ್ವರಿಗಳಲ್ಲಿ ಈಚಿನವರೆಗೂ ರಾಗಿಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ ಈ ಮೀನಿಗೆ ಕಾಯುತ್ತಿದ್ದರು. ಆ ಸೆಳವಿನಲ್ಲಿ ಉಂಡೆ ತಳ ಹಿಡಿದು ನಿಲ್ಲಲು ಭಾರ ಬೇಕೇಬೇಕು. ಬಂಡೆಗಳ ಸಂದಿಯಲ್ಲಿ ಸಿಕ್ಕಿ ಹರಿದುಹೋದ ಗಾಳದ ಗುಂಡುಗಳು ಬಲೆಯವಕ್ಕಿಂತ ಸುಲಭವಾಗಿ ಗೊತ್ತಾಗುತ್ತವೆ: ಒಂದೊಂದೂ ದಪ್ಪ, ತುದಿಯಲ್ಲಿ ತಂತಿಯ ಕುಣಿಕೆ, ಕಾರ್ಖಾನೆಯ ಅಚ್ಚಿನ ನಯ.

ನೈಲಾನ್ ಬಂದ ಮೇಲೆ ಗುಂಡಿನ ಲೆಕ್ಕಾಚಾರವೂ ಬದಲಾಯಿತು. ಹತ್ತಿ, ಸೆಣಬಿನ ಬಲೆ ನೀರು ಕುಡಿದು ತಾನೇ ಭಾರವಾಗುತ್ತಿತ್ತು. ನೈಲಾನ್ ಹಗುರ, ಹೆಚ್ಚು ನೀರು ಹೀರದು. ಕೊಚ್ಚಿಯಲ್ಲಿ 1957ರಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇಂಥ ನೂಲುಗಳನ್ನು ಪರೀಕ್ಷಿಸಿ ಪ್ರಚಾರ ಮಾಡಿತು. ಕೆಲವೇ ದಶಕಗಳಲ್ಲಿ ಒಳನಾಡಿನ ಕೆರೆಗಳಿಗೂ ಅವು ತಲುಪಿದವು. ಈಗ ಪೇಟೆಯಲ್ಲಿ ಬಲೆ ಗುಂಡಿನ ಸಮೇತ ಸಿಗುತ್ತದೆ. ಎಲ್ಲ ಗುಂಡೂ ಒಂದೇ ಅಚ್ಚಿನವು, ಒಂದೇ ತೂಕದವು. ಕೈಯಲ್ಲಿ ಎರೆದ ಗುಂಡುಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ಹಳತನ್ನು ಹೊಸತಿನಿಂದ ಬೇರ್ಪಡಿಸಲು ಸಾಮಾನ್ಯರಿಗೆ ಸಿಗುವ ಅತ್ಯಂತ ನಂಬಿಕೆಯ ಸುಳಿವು ಬಹುಶಃ ಇದೇ.

ಸೀಸದ ಗುಂಡಿನ ವಿಷವೂ ಗಮನಿಸುವಂಥದು. ನೀರುಹಕ್ಕಿಗಳು ಆಹಾರ ಅರೆಯಲು ಹರಳು ನುಂಗುವಾಗ ಸಣ್ಣ ಗುಂಡುಗಳನ್ನೂ ನುಂಗಿ ಸಾಯುತ್ತವೆ. ಹಂಸಗಳು ಹೀಗೆ ಸತ್ತದ್ದು ಸಾಬೀತಾಗಿ, ಇಂಗ್ಲೆಂಡಿನಲ್ಲಿ 1987ರಿಂದ ಗಾಳಕ್ಕೆ ಸಣ್ಣ ಸೀಸದ ಗುಂಡು ಕಟ್ಟುವುದನ್ನು ನಿಲ್ಲಿಸಿದರು. ದಂಡೆಯಲ್ಲಿ ಸಿಕ್ಕ ಸೀಸವನ್ನು ಮಕ್ಕಳ ಕೈಗೆ ಕೊಡಬಾರದು, ಹಲ್ಲಿನಲ್ಲಿ ಕಚ್ಚಿ ನೋಡಬಾರದು, ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಬೇಕು. ಅಡುಗೆಯ ಒಲೆಯ ಮೇಲೆ ಕರಗಿಸುವುದಂತೂ ಕೂಡದು.

ಅರ್ಕಾವತಿಯ ದಂಡೆಯಲ್ಲಿ ಈಗ ಗುಂಡು ಹುಡುಕಲು ನೀರಿಗಿಳಿಯಬೇಕಾಗಿಲ್ಲ. ಹೊಳೆಯ ಹರಿವು ದಶಕಗಳಿಂದ ಕುಗ್ಗಿದೆ. ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದು, ನೀಲಗಿರಿ ತೋಪುಗಳು ಹಬ್ಬಿದ್ದು ಇದಕ್ಕೆ ಮುಖ್ಯ ಕಾರಣವೆಂದೂ ಮಳೆ ಕಡಿಮೆಯಾದದ್ದಲ್ಲವೆಂದೂ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ನೀರಿದ್ದಾಗ ಕಾಣದಿದ್ದ ತಳ ಈಗ ಬಯಲಾಗಿದೆ. ಜೊತೆಗೆ ಹೂಳು ತೆಗೆಯುವ ಯಂತ್ರಗಳು ಶತಮಾನಗಳ ಕೆಸರನ್ನು ಒಂದೇ ವಾರದಲ್ಲಿ ಲಾರಿಗೆ ತುಂಬಿ ಹೊಲಕ್ಕೋ ಬಡಾವಣೆಗೋ ಸುರಿಯುತ್ತವೆ. ಪಕ್ಕದ ಜಾಲಹಳ್ಳಿಯಲ್ಲಿ ಶಿಲಾಯುಗದ ಸೂಕ್ಷ್ಮ ಕಲ್ಲುಪಕರಣಗಳು ಸಿಕ್ಕಿವೆ. ಯಶವಂತಪುರದ ಬಳಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು. ಎಲ್ಲಿ ಸಿಕ್ಕವು ಎಂದು ಯಾರೋ ಬರೆದಿಟ್ಟದ್ದರಿಂದ ಅವು ಇತಿಹಾಸವಾದವು. ಲಾರಿಯ ಮಣ್ಣಿನ ಜೊತೆ ಹೋದ ಗುಂಡಿಗೆ ಆ ಯೋಗವಿಲ್ಲ.

ಆದ್ದರಿಂದ ಕೆರೆ ಅಥವಾ ಹೊಳೆಯ ದಂಡೆಯಲ್ಲಿ ಇಂಥದ್ದೊಂದು ಕಂಡವರು ಎತ್ತುವ ಮುಂಚೆ, ಪಕ್ಕದಲ್ಲಿ ಒಂದು ನಾಣ್ಯವನ್ನೋ ಅಳತೆಪಟ್ಟಿಯನ್ನೋ ಇಟ್ಟು, ಅದು ಬಿದ್ದಲ್ಲೇ ಫೋಟೋ ತೆಗೆಯಬೇಕು. ಮೊಬೈಲಿನಲ್ಲಿ ಸ್ಥಳದ ಗುರುತು ಹಾಕಿಕೊಳ್ಳಬೇಕು, ಸುತ್ತ ಇನ್ನೂ ಇವೆಯೇ ಎಂದು ನೋಡಬೇಕು. ಅಗೆಯಬಾರದು. ಮೊದಲು ತೋರಿಸಬೇಕಾದ್ದು ಅದೇ ಕೆರೆಯಲ್ಲಿ ಬಲೆ ಬೀಸುವ ಹಿರಿಯರಿಗೆ. ತಮ್ಮ ಕಾಲದ್ದೋ ಅಲ್ಲವೋ ಎಂದು ಅವರು ಕೈಯಲ್ಲಿ ತೂಗಿಯೇ ಹೇಳಬಲ್ಲರು. ಅವರಿಗೂ ಗುರುತು ಸಿಗದ ಕಲ್ಲಿನ, ಮಣ್ಣಿನ ಗುಂಡಾದರೆ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ತಿಳಿಸಬಹುದು. ಬೆಂಗಳೂರಿನವರಿಗೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಹತ್ತಿರ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ಕಳೆದ ಇಂಥ ವಸ್ತು ಪ್ರಾಚ್ಯವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ.